ದೇವರ ಮನೆಯಲ್ಲಿದ್ದ ಪೌರತ್ವ ಪತ್ರ

ಇಲ್ಲಿನ ಸ್ವಾತಂತ್ರ್ಯ ದಿನವಾದ ಜುಲೈ ನಾಲ್ಕಕ್ಕೆ ಜಗನ್ನಾಥ ಅಂಕಲ್ ಮನೆ ಮುಂದೆ ನೆಡುವ ಬಾವುಟಗಳನ್ನು ಚಂದ್ರನ ಮೇಲೆ ನಿಂತು ಎಣಿಸಬಹುದು. ವೆಸ್ಟ್‌ಮಂಟ್‌ನ ನಮ್ಮ ಬಡಾವಣೆಯ ಪಿಕ್ನಿಕ್ಕಿಗೆ ಅವರು ಕಲಸುವ ಪುಳಿಯೋಗರೆಯ ಘಮಕ್ಕೆ ಅರೋರಾ ಊರಿನ ಗುಡಿಯ ಬಾಲಾಜಿಯೇ ಒಮ್ಮೆ ಕಣ್ಣು ಬಿಟ್ಟಿದ್ದಾನೆ. ಸುಳ್ಳಾದರೆ ನನ್ನ ಹೆಸರು ವೀರೇಶ್ ಅಲ್ಲ.

ಈ ಸಲ ಅವರ ಮಗಳು ಧೃತಿ ಪಿಕ್ನಿಕ್ಕಿನಲ್ಲಿ ಒಂದು ಹಳೆಯ ಭಾಷಣ ಓದುತ್ತೇನೆಂದಳು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಒಬ್ಬರು 1852ರಲ್ಲಿ ಮಾಡಿದ ಭಾಷಣ. ಸ್ವಾತಂತ್ರ್ಯೋತ್ಸವಕ್ಕೆ ಕರೆದವರ ಮುಖಕ್ಕೇ ಅವರು ಕೇಳಿದ್ದರು: ಹಬ್ಬ ನಿಮ್ಮದು ಸರಿ, ಸಂಕೋಲೆಯಲ್ಲಿರುವವನಿಗೆ ಇದು ಏನು?

 ಹಬ್ಬದ ದಿನ ಅಂಥ ಮಾತೇಕೆ, ಅಕ್ಕಪಕ್ಕದವರು ಏನಂದುಕೊಂಡಾರು ಎಂದು ಅಂಕಲ್ ಬೇಡವೆಂದರು. ಧೃತಿ ಊಟ ಬಿಟ್ಟಳು. ನನ್ನ ಲೆಕ್ಕದಲ್ಲಿ ನಲವತ್ತು ದಿನ, ಅವಳಮ್ಮ ವಸುಧಾ ಆಂಟಿಯ ಲೆಕ್ಕದಲ್ಲಿ ಎರಡು ಹೊತ್ತು.

ಲೈಬ್ರರಿಯಲ್ಲಿ ಮತದಾರರ ನೋಂದಣಿಗೆ ನೆರವಾಗುವ ಧಾರವಾಡದ ಷಹನಾಜ್ ಆಂಟಿ ಅಂದು ಚಹಾಕ್ಕೆ ಬಂದಿದ್ದರು. ನಾನೂ ಇದ್ದೆ, ಚಹಾ ಇದ್ದಲ್ಲಿ ನಾನಿರುತ್ತೇನೆ.

“ನಾವು ಹೊರಗಿಂದ ಬಂದೋರು, ತೆಪ್ಪಗಿರಬೇಕು,” ಎಂದರು ಅಂಕಲ್, ಭಾಷಣದ ಮಾತು ಬಂದಾಗ.

“ಸಿಟಿಜನ್ ಆಗಿ ಎಷ್ಟ್ ವರ್ಷ ಆತ್ರೀ, ಅಣ್ಣಾರ?” ಎಂದರು ಷಹನಾಜ್ ಆಂಟಿ.

“ಒಂಬತ್ತು.”

“ಓಟ್ ಎಷ್ಟ್ ಸಲ ಹಾಕೀರಿ?”

 ಅಡುಗೆಮನೆಯಿಂದ ವಸುಧಾ ಆಂಟಿ ಉತ್ತರಿಸಿದರು: “ಸರ್ಟಿಫಿಕೇಟ್ ದೇವರ ಮನೇಲಿದೆ. ಶುಕ್ರವಾರ ಶುಕ್ರವಾರ ಕುಂಕುಮ ಹಚ್ತಾರೆ. ಅಷ್ಟೇ.”

ನನ್ನ ನಗುವಿಗೆ ದೂರದೂರು ಶಾಮ್‌ಬರ್ಗ್‌ನ ಕಿಟಕಿಗಳು ಅದುರಿದವು. ಷಹನಾಜ್ ಆಂಟಿ ನಗಲಿಲ್ಲ.

“ಆ ಭಾಷಣ ಮಾಡಿದೋರ ಮಂದಿ ಇನ್ನೂ ಸಂಕೋಲ್ಯಾಗಿದ್ರು. ಆದ್ರೂ ಎದ್ದು ನಿಂತು ಮಾತಾಡಿದ್ರು. ಬೈದ್ರು, ಖರೆ. ಕೊಟ್ಟ ಮಾತು ಉಳಿಸ್ಕೊಳ್ರಿ ಅಂತ ಬೈದ್ರು. ನಿಮ್ಮ ಕೈಯಾಗ ಹಕ್ಕೈತಿ. ಅದಕ್ಕ ಕುಂಕುಮ ಹಚ್ಚಿ ಕೂಡಿಸೀರಿ.”

ಮೆಟ್ಟಿಲ ಮೇಲಿಂದ ಧೃತಿ, “ಅಪ್ಪಾ, ಇಟ್ಸ್ ಓನ್ಲಿ ಫೈವ್ ಮಿನಿಟ್ಸ್,” ಎಂದಳು.

ಅಂಕಲ್ ಎದ್ದು ದೇವರ ಮನೆಗೆ ಹೋಗಿ, ಪೌರತ್ವ ಪತ್ರವನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದು ತಂದರು. ಓಟಿನ ನೋಂದಣಿಗೆ ಅದು ಬೇಡ, ಡ್ರೈವಿಂಗ್ ಲೈಸೆನ್ಸ್ ಮತ್ತು ಸೋಷಿಯಲ್ ಸೆಕ್ಯುರಿಟಿ ನಂಬರಿನ ಕೊನೆಯ ನಾಲ್ಕು ಅಂಕಿ ಸಾಕು ಎಂದರು ಷಹನಾಜ್ ಆಂಟಿ. ಚಹಾ ಆರುವ ಮೊದಲೇ ಫೋನಿನಿಂದ ಅರ್ಜಿ ಹೋಯಿತು.

“ಓದು,” ಎಂದರು ಅಂಕಲ್ ಮಗಳಿಗೆ. “ಗಟ್ಟಿಯಾಗಿ ಓದು.”

ಪಿಕ್ನಿಕ್ಕಿನಲ್ಲಿ ಅವಳು ಓದಿದ ಐದು ನಿಮಿಷ ಯಾರೂ ಪುಳಿಯೋಗರೆ ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ, ಇದರಲ್ಲಿ ಉತ್ಪ್ರೇಕ್ಷೆಯಿಲ್ಲ. ಆಮೇಲೆ ಪಕ್ಕದ ಮನೆಯ ಅಜ್ಜಿ, ಬರುವ ವರ್ಷ ಅರ್ಧ ಭಾಷಣ ತಾನು ಓದಬಹುದೇ ಎಂದು ಅಂಕಲ್ ಕೈಹಿಡಿದು ಕೇಳಿದರು.

ನಿಮ್ಮ ಪೌರತ್ವ ಪತ್ರ ಎಲ್ಲಿದೆ? ಗ್ರೀನ್ ಕಾರ್ಡಿನವರು ಅವಸರಪಡಬೇಡಿ, ಪೌರರಾಗುವವರೆಗೆ ನೋಂದಾಯಿಸಬಾರದು. ಹದಿನೆಂಟು ತುಂಬಿದ ಪೌರರೇ, ಈ ವಾರವೇ ಮತದಾರರ ಪಟ್ಟಿಗೆ ಹೆಸರು ಸೇರಿಸಿ. ಕುಂಕುಮ ದೇವರಿಗಿರಲಿ. ಹಕ್ಕನ್ನು ಹೊರಗೆ ತೆಗೆಯಿರಿ.