ತಿರುಗಿದ ತಲೆಗಳು

ಕೆಂಪು ದೀಪ ಹತ್ತಿತೆಂದರೆ ಮುಗಿಯಿತು. ಆ ಕಚೇರಿಯಲ್ಲಿ ಅದರ ಮೇಲೆ ಅಪೀಲಿರಲಿಲ್ಲ.

ಮಕ್ಕಳಿಗಾಗಿ ಸಿನಿಮಾ ತಯಾರಿಸಿ ಮನೆಮನೆಯ ಟೀವಿಗೆ, ಫೋನಿಗೆ ಹರಿಯಬಿಡುತ್ತಿದ್ದ ಆ ಸಂಸ್ಥೆ ಪ್ರತಿ ಚಿತ್ರವನ್ನೂ ಮೊದಲು ಒಂದು ಗುಂಪು ಮಕ್ಕಳ ಮುಂದಿಟ್ಟು ಪರೀಕ್ಷಿಸುತ್ತಿತ್ತು. ಜಮಖಾನದ ಮೇಲೆ ಮಕ್ಕಳು, ಎದುರಿಗೆ ಪರದೆ, ಎಡಗೋಡೆಯ ಬದಿಗೆ ಬೇಕೆಂದೇ ಸುರಿದ ಆಟಿಕೆಗಳ ರಾಶಿ. ಪರದೆಯ ಪಕ್ಕದಲ್ಲೊಂದು ಗಾಜು. ಮಕ್ಕಳಿಗೆ ಅದು ಬರೀ ಕನ್ನಡಿ, ಅದರ ಹಿಂದಿನ ಕತ್ತಲ ಕೋಣೆಯಲ್ಲಿ ನಿಂತವರಿಗೆ ಮಕ್ಕಳ ಮುಖಗಳೆಲ್ಲ ನಿಚ್ಚಳ. ಯಾವ ಮಗು ಪರದೆಯಿಂದ ತಲೆ ತಿರುಗಿಸಿದರೂ ಎಣಿಕೆಯವನು ಗುಂಡಿ ಒತ್ತುತ್ತಿದ್ದ. ಅರ್ಧಕ್ಕರ್ಧ ತಲೆಗಳು ತಿರುಗಿದವೋ, ಕೆಂಪು ದೀಪ. ಚಿತ್ರ ಅಲ್ಲಿಗೇ ನಿಂತು ಆ ದೃಶ್ಯ ಕತ್ತರಿಯ ಪಾಲಾಗುತ್ತಿತ್ತು; ಖಾಲಿಯಾದ ಜಾಗಕ್ಕೆ ಒಂದು ಕುಣಿತವನ್ನೋ ಕಿರಿಚಾಟವನ್ನೋ ತುರುಕಿ ತೇಪೆ ಹಾಕಲಾಗುತ್ತಿತ್ತು.

ಕತ್ತರಿಯನ್ನೇ ಕಸುಬಾಗಿಸಿಕೊಂಡಿದ್ದ ಸಂಕಲನಗಾರ್ತಿ ಇಂದು ಗಾಜಿಗೆ ಹಣೆಯೊತ್ತಿ ನಿಂತದ್ದು ಒಂದು ದೃಶ್ಯವನ್ನು ಆ ಕತ್ತರಿಯಿಂದ ಉಳಿಸಿಕೊಳ್ಳಲು. ಬಟ್ಟೆ, ತಂತಿಗಳಿಂದ ಮಾಡಿದ ಮುಳ್ಳುಹಂದಿಯ ಮರಿಯೊಂದು ಬಿಲದಲ್ಲಿ ಅಮ್ಮನಿಗಾಗಿ ಕಾಯುವ ದೃಶ್ಯ ಅದು. ಮಾತಿಲ್ಲ, ಸಂಗೀತವಿಲ್ಲ. ಇಡೀ ಚಿತ್ರದ ಜೀವವೇ ಆ ಮೌನದಲ್ಲಿದೆ, ಅದು ಹೋದರೆ ಉಳಿಯುವುದು ಹೊಟ್ಟು ಎಂದು ಅವಳ ನಂಬಿಕೆ.

"ಅಕ್ಕಾ, ಸ್ವಲ್ಪ ಮೆಲ್ಲಗೆ ಉಸಿರಾಡಿ. ಗಾಜು ಮಂಜಾಗ್ತಿದೆ, ನನಗೇನೂ ಕಾಣಿಸ್ತಿಲ್ಲ," ಎಂದ ಶಬ್ದಗಳ ಉಸ್ತುವಾರಿಯವನು. ಕಚೇರಿಯೆಲ್ಲ ಅವನನ್ನು ಕರೆಯುತ್ತಿದ್ದುದು ಸದ್ದಣ್ಣನೆಂದು.

"ನೀನು ಸುಮ್ನಿರಪ್ಪ. ನನ್ನ ಜೀವ ಬಾಯಿಗೆ ಬಂದಿದೆ."

"ಸುಮ್ನಿರೋ ದೃಶ್ಯ ಮಾಡಿದ್ದು ನೀವು. ನನ್ನ ಹೊಟ್ಟೆ ಮೇಲೆ ಹೊಡೆಯೋಕೆ."

ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದ ಮುಖ್ಯಸ್ಥೆ ಕೆಮ್ಮಿದರು. ಇಬ್ಬರೂ ಗಾಜಿನತ್ತ ತಿರುಗಿದರು.

ಪರದೆಯ ಮೇಲೆ ಮರಿ ಒಂಟಿಯಾಯಿತು. ಬಿಲದೊಳಗೆ ಮಂದ ಬೆಳಕು. ಒಬ್ಬ ಹುಡುಗ ಮೂಗಿನಲ್ಲಿಟ್ಟ ಬೆರಳನ್ನು ಅಲ್ಲೇ ಮರೆತ. ಮರಿ ಮೆಲ್ಲನೆ ಕಣ್ಣೆತ್ತಿತು. ನೋಡುತ್ತಿದ್ದವರ ಹೆಗಲ ಮೇಲಿಂದ, ಅವರ ಬೆನ್ನ ಹಿಂದೆಲ್ಲೋ ದಿಟ್ಟಿಸಿತು. ಎಲ್ಲಿಂದಲೋ ಒಂದು ಹೆಜ್ಜೆಯ ಸದ್ದು. ಬರುತ್ತಿರುವುದು ಅಮ್ಮನೋ, ನರಿಯೋ?

ಟಿಕ್. ಒಂದು ತಲೆ ತಿರುಗಿತು. ಟಿಕ್, ಟಿಕ್. ಗಾಳಿಗೆ ಪೈರು ಬಾಗಿದಂತೆ ಸಾಲುಸಾಲೇ ತಿರುಗಿತು.

ಕೆಂಪು ದೀಪ ಭಗ್ಗೆಂದಿತು. ಪರದೆ ಕಪ್ಪಾಯಿತು.

"ಆಯ್ತಲ್ಲ," ಮುಖ್ಯಸ್ಥೆ ಎದ್ದರು. "ಹೇಳಿರಲಿಲ್ವಾ ನಾನು? ಈ ಕಾಲದ ಮಕ್ಕಳು ಸುಮ್ಮನೆ ಕೂರಲ್ಲಮ್ಮ. ಅಲ್ಲೊಂದು ಹಾಡು ಹಾಕಿಬಿಡಿ."

ಸಂಕಲನಗಾರ್ತಿಯ ಕಣ್ಣು ಇನ್ನೂ ಗಾಜನ್ನು ಬಿಟ್ಟಿರಲಿಲ್ಲ. ಏನೋ ಸರಿಯಿಲ್ಲ. ಮಕ್ಕಳು ಆಟಿಕೆಗಳತ್ತ ಹೊರಳಿದ್ದರೆ ಅವಳಿಗೆ ಅವರ ಕಿವಿಗಳು ಕಾಣಬೇಕಿತ್ತು. ಕಾಣುತ್ತಿದ್ದುದು ಜಡೆಗಳು, ಹಿಂದಲೆಗಳು.

"ಮೇಡಂ! ಆಟಿಕೆ ಕಡೆ ಒಬ್ಬರೂ ನೋಡ್ತಿಲ್ಲ. ಹಿಂದಿನ ಬಾಗಿಲು ನೋಡ್ತಿದಾರೆ! ಮರಿ ನೋಡಿದ ಕಡೆಗೇ ನೋಡ್ತಿದಾರೆ. ಯಾರು ಬಂದ್ರು ಅಂತ!"

ಎಣಿಕೆಯವನು ತನ್ನ ಗುಂಡಿಯನ್ನೇ ನೋಡಿಕೊಂಡ. ಎಡ, ಬಲ, ಹಿಂದೆ ಎಂಬ ಭೇದ ಆ ಗುಂಡಿಗೆ ತಿಳಿಯದು. ಇದುವರೆಗೆ ಯಾರೂ ಅವನಿಗೆ ಅದನ್ನು ಹೇಳಿಯೂ ಇರಲಿಲ್ಲ.

ಅಷ್ಟರಲ್ಲಿ ಒಳಗೆ ಗಲಾಟೆ ಶುರುವಾಗಿತ್ತು. "ಹಾಕ್ರೀ!" "ನರಿ ಬಂತಾ?" "ಯಾಕೆ ನಿಲ್ಸಿದ್ರಿ, ಮೋಸ!"

"ಯಾವ ಪರದೆ ಆರಿಸಿದ್ರೂ ಮಕ್ಕಳು ಕೂಗ್ತಾರೆ," ಮುಖ್ಯಸ್ಥೆ ಜಗ್ಗಲಿಲ್ಲ. "ಇನ್ನೊಂದು ಮಾತು. ಆ ಕೋಣೇಲಿ ಹಿಂದಿನ ಗೋಡೆಗೂ ಸ್ಪೀಕರ್ ಇದೆ. ಬೆನ್ನ ಹಿಂದೆ ಸದ್ದಾದ್ರೆ ಬೆಕ್ಕೂ ತಿರುಗುತ್ತೆ. ಅದು ಸಿನಿಮಾದ ಗುಣ ಅಲ್ಲ, ಸ್ಪೀಕರಿನ ಗುಣ. ಮನೇಲಿ ಮಗು ನೋಡೋದು ಅಂಗೈಯಗಲದ ಫೋನಲ್ಲಿ. ಅಲ್ಲಿ ಯಾರು ತಿರುಗ್ತಾರೆ?"

ಸದ್ದಣ್ಣ ತಲೆ ತಗ್ಗಿಸಿದ. ಮಾತು ನಿಜವಾಗಿತ್ತು. ಸಂಕಲನಗಾರ್ತಿಗೂ ಒಳಗೊಳಗೇ ದಿಗಿಲಾಯಿತು: ತಾನು ಹೆಣೆದ ಮೌನದ ಶಕ್ತಿ ಬರಿಯ ಗೋಡೆಯ ಪೆಟ್ಟಿಗೆಯದೇ ಆಗಿಬಿಟ್ಟರೆ? ಆದರೆ ಹಿಂದೆಗೆಯುವುದಕ್ಕೆ ಈಗ ಹೊತ್ತು ಮೀರಿತ್ತು.

"ಹಾಗಾದ್ರೆ ಫೋನಲ್ಲೇ ನೋಡೋಣ ಮೇಡಂ. ನಿಮ್ಮ ಫೋನಲ್ಲೇ. ಸೋತರೆ ನಾನೇ ಕೂತು ಹಾಡು ಹಾಕ್ತೀನಿ."

ಹೊರಗಿನ ಪಡಸಾಲೆಯಲ್ಲಿ ತಡವಾಗಿ ಬಂದು ಒಳಗೆ ಪ್ರವೇಶ ಸಿಗದ ಹುಡುಗಿಯೊಬ್ಬಳು ತಾತನ ಜೊತೆ ಬೆಂಚಿನ ಮೇಲೆ ಮುಖ ಊದಿಸಿಕೊಂಡು ಕುಳಿತಿದ್ದಳು. ಮುಂದಿನ ಎರಡು ಹಲ್ಲು ಬಿದ್ದಿದ್ದವು. ಬೆಂಚು ಗೋಡೆಗೆ ಅಂಟಿಕೊಂಡಿತ್ತು. ಬೆನ್ನ ಹಿಂದೆ ಬಾಗಿಲೂ ಇಲ್ಲ, ಕಿಟಕಿಯೂ ಇಲ್ಲ. ಇದಕ್ಕಿಂತ ಕೆಟ್ಟ ಜಾಗ ಸಿಗುವುದಿಲ್ಲ ಎನಿಸಿತು ಸಂಕಲನಗಾರ್ತಿಗೆ.

ಮುಖ್ಯಸ್ಥೆಯೇ ತಮ್ಮ ಫೋನಿನಲ್ಲಿ ಆ ದೃಶ್ಯ ಹಾಕಿ ಹುಡುಗಿಯ ಕೈಗೆ ಕೊಟ್ಟರು. ಸದ್ದನ್ನು ಅರ್ಧಕ್ಕಿಳಿಸಿದರು.

"ಹಾಡಿದ್ಯಾ ಇದ್ರಲ್ಲಿ?" ಹುಡುಗಿ ಕೇಳಿದಳು.

"ಇಲ್ಲ ಪುಟ್ಟಿ."

"ಹಾಗಾದ್ರೆ ಬೋರು."

ಮುಖ್ಯಸ್ಥೆ ನಕ್ಕರು. ಸದ್ದಣ್ಣ ದೇವರನ್ನು ನೆನೆದ.

ಮರಿ ಒಂಟಿಯಾಯಿತು. ಹುಡುಗಿಯ ಕಾಲಾಟ ನಿಂತಿತು. ಅವಳ ಭುಜದ ಮೇಲಿಂದ ತಾತನೂ ಬಗ್ಗಿದ. ಮರಿ ಕಣ್ಣೆತ್ತಿತು. ಒಂದು ಹೆಜ್ಜೆ. ಹುಡುಗಿ ಅಲ್ಲಾಡಲಿಲ್ಲ. ಎರಡನೆಯ ಹೆಜ್ಜೆ. ಊಹೂಂ, ಅಲ್ಲಾಡಲಿಲ್ಲ.

ಆಗ ಹುಡುಗಿ ಕಣ್ಣು ಪರದೆಯಲ್ಲೇ ನೆಟ್ಟು, ಗೋಡೆಗೊರಗಿದ್ದ ಬೆನ್ನನ್ನು ಚೂರೇ ಚೂರು ಮುಂದೆ ಸರಿಸಿದಳು. ಒಂದು ಕೈ ಹಿಂದೆ ಹೋಯಿತು. ಗೋಡೆ ಗೋಡೆಯಾಗಿಯೇ ಇದೆಯೇ ಎಂದು ತಡವಿ ನೋಡಿತು.

"ತಾತ," ಪಿಸುಗುಟ್ಟಿದಳು, "ಹಿಂದೆ ಯಾರಿದಾರೆ ನೋಡು. ನಾನು ನೋಡಲ್ಲಪ್ಪ."

ತಾತ ಗಕ್ಕನೆ ತಿರುಗಿ ಬೋಳುಗೋಡೆಯನ್ನು ಪಿಳಿಪಿಳಿ ನೋಡಿದ.

"ತಾತನ ತಲೆ ಲೆಕ್ಕಕ್ಕಿಲ್ಲ," ಎಂದರು ಮುಖ್ಯಸ್ಥೆ. ದನಿಯಲ್ಲಿ ಮೊದಲಿನ ಗತ್ತು ಇರಲಿಲ್ಲ.

ಅದೇ ಹೊತ್ತಿಗೆ ಫೋನು ಗುಂಯ್‌ಗುಟ್ಟಿತು. ಮರಿಯ ಮುಖದ ಮೇಲೆ ದೊಡ್ಡ ಅಕ್ಷರದಲ್ಲಿ ಮೂಡಿತು: 'ದೊಡ್ಡ ಸಾಹೇಬರು'. ಸಂಸ್ಥೆಯ ಯಜಮಾನರು! ಮುಖ್ಯಸ್ಥೆ ಕೈ ಚಾಚುವಷ್ಟರಲ್ಲಿ ಹುಡುಗಿ, ಊಟದ ಮೇಲೆ ಕೂತ ನೊಣವನ್ನು ಓಡಿಸುವಂತೆ, ಒಂದೇ ಬೆರಳಿನಲ್ಲಿ ಸಾಹೇಬರನ್ನು ಪಕ್ಕಕ್ಕೆ ತಳ್ಳಿಬಿಟ್ಟಳು.

"ಅಯ್ಯೋ, ಯಾರ ಫೋನು ಕಟ್ ಮಾಡಿದೆ ಗೊತ್ತಾ ನಿಂಗೆ?"

"ಶ್! ಬಂದ್ರು, ಬಂದ್ರು!"

ಬಂದವರು ಯಾರೆಂಬುದನ್ನು ಐವರೂ ಅಂಗೈಯಗಲದ ಪರದೆಗೆ ಮುಗಿಬಿದ್ದು ನೋಡಿದರು. ಹುಡುಗಿ ಹಲ್ಲಿಲ್ಲದ ಬಾಯಿ ತೆರೆದು ಕಿರುಚಿದ ರಭಸಕ್ಕೆ ತಾತನ ಕನ್ನಡಕ ಮೂಗಿನ ತುದಿಗಿಳಿಯಿತು. ದಿನವೂ ಆ ಸದ್ದುಗಳ ನಡುವೆಯೇ ಬಾಳುವ ಸದ್ದಣ್ಣ ಕೂಡ ಬೆಚ್ಚಿಬಿದ್ದ.

ಫೋನು ಮತ್ತೆ ಗುಂಯ್‌ಗುಟ್ಟಿತು. ಈ ಬಾರಿ ಮುಖ್ಯಸ್ಥೆ ಕಸಿದುಕೊಂಡರು. ಸಂಕಲನಗಾರ್ತಿ ಕಣ್ಣು ಮುಚ್ಚಿಕೊಂಡಳು.

"ಹಲೋ ಸರ್... ಇಲ್ಲ ಸರ್, ನಾನು ಕಟ್ ಮಾಡಿದ್ದಲ್ಲ, ಒಬ್ಬಳು ಪ್ರೇಕ್ಷಕಿ... ಹೌದು ಸರ್, ಕೆಂಪು ದೀಪ ಬಂತು. ಆದರೆ ನಮ್ಮ ಎಣಿಕೆ ತಪ್ಪು. ಆ ದೃಶ್ಯ ಹಾಗೇ ಇರುತ್ತೆ... ಸರ್, ಒಂದು ನಿಮಿಷ."

ಅವರು ಫೋನಿಗೆ ಕೈ ಅಡ್ಡ ಹಿಡಿದು ಸಂಕಲನಗಾರ್ತಿಯತ್ತ ಹುಬ್ಬೇರಿಸಿದರು.

"ಏನ್ ನೋಡ್ತಾ ನಿಂತಿದೀಯಮ್ಮ? ಒಳಗೆ ಮಕ್ಕಳು ಬಾಗಿಲು ಒಡೀತಿದಾರೆ. ನಿಲ್ಸಿದ ಕಡೆಯಿಂದ ಹಾಕು, ಓಡು!"

ಸಂಕಲನಗಾರ್ತಿ ಓಡಿದಳು. ಅವಳಿಗಿಂತ ಮುಂದೆ, ತಾತನ ಕೈ ಕೊಡವಿಕೊಂಡು, ಹಲ್ಲು ಬಿದ್ದ ಹುಡುಗಿ ಓಡುತ್ತಿದ್ದಳು. ಯಾರು ಬಂದರೆಂದು ಒಳಗಿನವರಿಗೆಲ್ಲ ತಾನೇ ಮೊದಲು ಹೇಳಿಬಿಡುವ ಆತುರ ಅವಳಿಗೆ.

"ಹಿಡೀರಿ ಅವಳನ್ನ!" ಸದ್ದಣ್ಣ ಕೂಗಿದ. "ಅಕ್ಕಾ, ಹಿಡೀರಿ!"