ಚಪ್ಪಲಿಯಲ್ಲಿ ಸಮುದ್ರ ದಾಟಿದ್ದು

"ದೋಣೀಲಲ್ಲ ಕಣ್ರೀ, ಕಾಲಲ್ಲಿ! ಸಮುದ್ರ ಹೆಪ್ಪುಗಟ್ಟಿ ಕಡಪಾ ಕಲ್ಲು ಹಾಸ್ದಂಗಿತ್ತು. ಕಾಲ್ಚೀಲದ ಮೇಲೆ ಹವಾಯಿ ಚಪ್ಪಲಿ ಮೆಟ್ಕೊಂಡು ಅರಮನೆ ಬಾಗ್ಲ ತನಕ ನಡೆದ್ಬಿಟ್ಟೆ. ಅಲ್ಲಿ ಕಾವಲಿಗೆ ನಿಂತಿದ್ದ ಸಿಪಾಯಿ ಬಂದೂಕ ಕೆಳಗಿಟ್ಟು ಕೈ ಮುಗಿದ!"

ದೇವಕಮ್ಮ ಅಲ್ಲಿಗೆ ಮಾತು ನಿಲ್ಲಿಸಿ, ಸುಟ್ಟ ಜೋಳದ ತೆನೆಯಿಂದ ಒಂದು ಸಾಲು ಬಿಡಿಸಿ ಬಾಯಿಗೆ ಹಾಕಿಕೊಂಡರು. ಕಥೆಯನ್ನು ಎಲ್ಲಿ ನಿಲ್ಲಿಸಿದರೆ ಕೇಳುವವರ ಬಾಯಿ ತೆರೆದೇ ಇರುತ್ತದೆ ಎಂಬುದನ್ನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಅವರಿಗೆ ಯಾರೂ ಕಲಿಸಿರಲಿಲ್ಲ. ಹುಟ್ಟುವಾಗಲೇ ಸೆರಗಿಗೆ ಕಟ್ಟಿಕೊಂಡು ಬಂದಿದ್ದರು.

ಜನವರಿಯ ಭಾನುವಾರ. ಬೆಳಗಿನ ಒಂಬತ್ತಕ್ಕೇ ಪರ್ತಿನ ಹ್ಯಾರಿಸ್‌ಡೇಲಿನ ಪಾರ್ಕಿನ ಹುಲ್ಲು ಹಪ್ಪಳದಂತೆ ಮುರಿಯುತ್ತಿತ್ತು. "ಮಧ್ಯಾಹ್ನ ಬಾರ್ಬೆಕ್ಯೂ ಇಟ್ಕೊಂಡ್ರೆ ಕಾವಲಿ ಬೇಡ, ಬೆಂಚಿನ ಮೇಲೇ ದೋಸೆ ಹುಯ್ಬೋದು" ಎಂದು ದೇವಕಮ್ಮನೇ ಹಟ ಹಿಡಿದು ಬೆಳಗಿನ ಹೊತ್ತು ಮಾಡಿಸಿದ್ದರು. ಪಾರ್ಕಿನಲ್ಲಿ ಎಲ್ಲರ ಬಳಕೆಗೆಂದು ಇಟ್ಟಿರುವ ಕಾವಲಿಯ ಮೇಲೆ ನಿನ್ನೆ ಯಾರು ಏನು ಸುಟ್ಟಿದ್ದರೋ ಎಂದು ಮಗಳು ನಮಿತಾ ಎರಡು ಪದರ ಫಾಯಿಲ್ ಹಾಸಿ, ಅದರ ಮೇಲೆ ಜೋಳ, ಪನೀರ್, ದೊಣ್ಣೆಮೆಣಸಿನಕಾಯಿ ಜೋಡಿಸಿದ್ದಳು. ಮೊಮ್ಮಗಳು ಪ್ರಕೃತಿ ಒಂದು ಕೈಯಲ್ಲಿ ನೊಣ ಓಡಿಸುತ್ತ ಇನ್ನೊಂದು ಕೈಯಲ್ಲಿ ಫೋನು ನೋಡುತ್ತಿದ್ದಳು.

ಇಷ್ಟೆಲ್ಲ ಸಂಭ್ರಮ ಇಂದುಮತಿಗಾಗಿ. ಮೈಸೂರಿನಲ್ಲಿ ಮೂವತ್ತೆರಡು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟ ಇಂದುಮತಿ, ಈಗ ದೇವಕಮ್ಮನಿಗೆ ಬೆಳಗಿನ ವಾಕಿಂಗಿನ ಜೊತೆಗಾತಿ. ಬರುವ ಗುರುವಾರ ಅವರು ಸ್ಟಾಕ್‌ಹೋಮಿಗೆ ಹೊರಟಿದ್ದರು, ಮಗಳು ಕವನಾಳ ಹೆರಿಗೆಗೆ. ಕೂಸು ಬಂದಮೇಲೆ ಬಾಣಂತನ, ಹೊಸ್ತಿಲು ದಾಟುವಂತಿಲ್ಲ. ಊರು ನೋಡಲು ಅವರಿಗೆ ಸಿಕ್ಕುವುದು ಮೊದಲಿನ ನಾಲ್ಕೇ ದಿನ. ಆ ನಾಲ್ಕು ದಿನವನ್ನು ಅವರು ಪೂರ್ತಿಯಾಗಿ ದೇವಕಮ್ಮನ ಕೈಗೆ ಒಪ್ಪಿಸಿಬಿಟ್ಟಿದ್ದರು.

ಒಪ್ಪಿಸದೆ ಇನ್ನೇನು? ಹೋದ ವರ್ಷ ಅದೇ ಊರಲ್ಲಿ ಎರಡು ತಿಂಗಳು ಇದ್ದು ಬಂದ ದೇವಕಮ್ಮ ವರ್ಷವಿಡೀ ಅದನ್ನೇ ಬಡಿಸಿದ್ದರು. ಅವರ ಕಥೆ ವಾಯ್ಸ್ ಮೆಸೇಜಾಗಿ ಬ್ರಿಸ್ಬೇನಿನ ಕ್ಯಾಲಮ್‌ವೇಲಿನಲ್ಲಿರುವ ಇಂದುಮತಿಯ ತಂಗಿಯ ತನಕ ಹೋಗಿತ್ತು. ಅಡಿಲೇಡಿನ ನಾದಿನಿಯಂತೂ ಗ್ಲೆನೆಲ್ಗ್ ಕಡಲತೀರದ ಜೆಟ್ಟಿಯ ಮೇಲೆ ಕಾಲಿಟ್ಟಾಗಲೆಲ್ಲ, "ದೇವಕಮ್ಮ ಆಗಿದ್ರೆ ಈ ಹಲಗೆ ಯಾಕೆ, ನೀರ ಮೇಲೇ ಹೋಗ್ತಿದ್ರು" ಎನ್ನುತ್ತಿದ್ದರಂತೆ.

ಇಂದುಮತಿ ಕನ್ನಡಕ ಏರಿಸಿ ನೋಟ್‌ಬುಕ್ ತೆಗೆದರು. ಸ್ಕೇಲಿಟ್ಟು ಗೆರೆ ಎಳೆದ ಮೂರು ಕಾಲಮ್ಮು: ನೋಡುವುದು, ಮಾಡುವುದು, ತಿನ್ನುವುದು.

"ಹೊರಡೋಕ್ಮುಂಚೆ ಒಂದ್ಸಲ ಸರಿ ನೋಡ್ಬಿಡೋಣ ದೇವಕಮ್ಮನೋರೆ. ನೋಡುವುದು, ಒಂದು. ಮುಳುಗಿದ ಹಡಗು. ಮುನ್ನೂರು ವರ್ಷ ನೀರೊಳಗಿದ್ದಿದ್ದನ್ನ ಎತ್ತಿ ಒಳಗೆ ನಿಲ್ಸಿದಾರೆ. ಎತ್ತರ ನಾಲ್ಕು ಅಂತಸ್ತು ಅಂತ ಬರ್ಕೊಂಡಿದೀನಿ. ಹೋದ ವಾರ ಏಳು ಅಂದ್ರಿ. ಯಾವ್ದು ಇಟ್ಕೊಳ್ಲಿ?"

"ಏಳೇ ಇರ್ಲಿ."

"ಇಂದೂ, ಎಂಟು ಬರ್ಕೊ," ಎಂದರು ಇಂದುಮತಿಯ ಗಂಡ ರಮಾಕಾಂತ್. ಗಣಿಗಳಲ್ಲಿ ಕಲ್ಲು ಪರೀಕ್ಷಿಸಿ ನಿವೃತ್ತರಾದ ಮನುಷ್ಯ, ಚಳಿಗೆ ಹೆದರಿ ಪರ್ತಿನಲ್ಲೇ ಉಳಿಯುವವರು. "ನೀನು ಹೋಗೋಷ್ಟೊತ್ತಿಗೆ ಇನ್ನೊಂದು ಅಂತಸ್ತು ಬೆಳ್ದಿರತ್ತೆ."

"ರಾಯ್ರೇ, ನೀವು ಆಡ್ಕೊಳ್ಳಿ. ಆ ಊರಲ್ಲಿ ಒಂದು ಓಣಿ ಇದೆ, ಮೊಳದಗಲ. ನಾನೇ ಅಡ್ಡಡ್ಡ ಹೋದೆ. ನಿಮ್ಮಂಥೋರು ಸಿಕ್ಕಾಕ್ಕೊಂಡ್ರೆ ಬೆಣ್ಣೆ ಹಚ್ಚಿ ಎಳೀಬೇಕು."

"ಓಣಿ, ಇದೆ," ಎಂದು ಇಂದುಮತಿ ಗುರುತು ಹಾಕಿದರು. "ತಿನ್ನುವುದು. ದಾಲ್ಚಿನ್ನಿ ಬನ್ನು, ಮೊರದಗಲ. ಒಂದು ತಗೊಂಡ್ರೆ ಮನೆಗೆಲ್ಲ ಆಗತ್ತೆ. ಮೀನಿನ ಉಪ್ಪಿನಕಾಯಿ ಅಂಗಡಿ ಬಂದ್ರೆ ರಸ್ತೆ ದಾಟೋದು. ಸರಿ. ಇನ್ನು ಮಾಡುವುದು, ಒಂದು. ಸಮುದ್ರದ ಮೇಲೆ ನಡಿಗೆ." ಅವರ ಮುಖ ಹುಡುಗಿಯದಾಯಿತು. "ಇದನ್ನ ಇಳಿದ ಮಾರನೇ ದಿನವೇ ಮಾಡ್ತೀನಿ. ಅಳಿಯ ಐಸ್ ಮೇಲೆ ಜಾರದ ಹಾಗೆ ಬೂಟಿಗೆ ಕಟ್ಕೊಳ್ಳೋಕೆ ಎಂಥದೋ ಮುಳ್ಳಿನ ಪಟ್ಟಿ ತಂದಿಟ್ಟಿದಾನಂತೆ. ಬೇಡ ಅಂದ್ಬಿಟ್ಟೆ. ಎಪ್ಪತ್ಮೂರರಲ್ಲಿ ದೇವಕಮ್ಮನೋರು ಚಪ್ಪಲೀಲಿ ಹೋಗಿದಾರೆ, ಅರವತ್ತಾರಕ್ಕೆ ನಂಗ್ಯಾಕಪ್ಪ ಮುಳ್ಳು?" ಬ್ಯಾಗಿನಿಂದ ಒಂದು ಜೊತೆ ಹೊಸ ಹವಾಯಿ ಚಪ್ಪಲಿ ತೆಗೆದು ಮೇಜಿನ ಮೇಲಿಟ್ಟರು. ನೀಲಿ ಪಟ್ಟಿ, ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು.

ದೇವಕಮ್ಮ ತಿನ್ನುತ್ತಿದ್ದ ತೆನೆಯನ್ನು ಕೆಳಗಿಟ್ಟರು.

ಕಾಲ್ಚೀಲದ ಮೇಲೆ ಹವಾಯಿ ಚಪ್ಪಲಿ ಎಂಬುದು ಮಾತ್ರ ನಿಜ. ಹೋದ ವರ್ಷ ವೀಸಾದವರು, ಹನ್ನೆರಡು ತಿಂಗಳಾಯಿತು, ಒಮ್ಮೆ ದೇಶದಾಚೆ ಹೋಗಿ ಬಾ ಎಂದಾಗ ಅವರು ಹೋದದ್ದು ಸ್ಟಾಕ್‌ಹೋಮಿನಲ್ಲಿರುವ ದೊಡ್ಡ ಮಗಳು ಅಪರ್ಣಾಳ ಮನೆಗೆ. ವಿಮಾನ ಹತ್ತಿಸುವಾಗ ನಮಿತಾ ನಲವತ್ತು ಸಲ ಹೇಳಿದ್ದಳು, ಐಸ್ ಮೇಲೆ ಚಪ್ಪಲಿ ಹಾಕ್ಕೊಂಡು ಕಾಲಿಡ್ಬೇಡ ಅಂತ. ಎರಡನೇ ದಿನ ಕಸದ ಚೀಲ ಹಿಡಿದು, ಹೀಗೆ ಹೋಗಿ ಹಾಗೆ ಬಂದೆ ಎಂದು ಚಪ್ಪಲಿಯಲ್ಲೇ ಇಳಿದರು. ಕಸದ ಡಬ್ಬಕ್ಕೆ ಹನ್ನೊಂದು ಹೆಜ್ಜೆ. ಒಂಬತ್ತನೆಯದರಲ್ಲಿ ಆಕಾಶ ಕಂಡಿತು. ಪಾದದ ಗಂಟು ಮುರಿದು ಎರಡು ಸ್ಕ್ರೂ ಬಿದ್ದವು.

ಉಳಿದ ದಿನಗಳು ಮೂರನೇ ಮಹಡಿಯ ಕಿಟಕಿಯ ಪಕ್ಕ. ನಮಿತಾಗೆ ಹೇಳಬೇಡ ಎಂದು ಅಪರ್ಣಾಳಿಂದ ಆಣೆ ಮಾಡಿಸಿಕೊಂಡಿದ್ದರು. ಆದರೆ ನಮಿತಾ ದಿನಾ ಫೋನು ಮಾಡಿ, "ಇವತ್ತೇನು ನೋಡ್ದೆ ಅಮ್ಮ?" ಎಂದು ಕೇಳುವಳಲ್ಲ! ಟೀಪಾಯಿಯ ಮೇಲೆ ಪ್ರವಾಸಿಗರಿಗೆ ಬಿಟ್ಟಿ ಕೊಡುವ ಬಣ್ಣದ ಪುಸ್ತಕವೊಂದು ಬಿದ್ದಿತ್ತು. ಅದರ ಅಕ್ಷರ ಓದಲು ಬಾರದಿದ್ದರೇನು, ಚಿತ್ರ ಎಲ್ಲರಿಗೂ ಬರುತ್ತದೆ. ಹಡಗಿನ ಕೆಳಗೆ ಇರುವೆಯಂಥ ಜನ. ಹೆಪ್ಪುಗಟ್ಟಿದ ನೀರಿನ ಮೇಲೆ ಟೊಪ್ಪಿಗೆ ಹಾಕಿಕೊಂಡು ನಡೆಯುವವರು, ಹಿಂದೆ ಅರಮನೆ. ದಿನಕ್ಕೊಂದು ಪುಟ ತಿರುವಿದರು, ದಿನಕ್ಕೊಂದು ಜಾಗಕ್ಕೆ ಹೋಗಿ ಬಂದರು. ಪುಸ್ತಕ ಮುಗಿದ ಮೇಲೆ ಮೊದಲಿನಿಂದ ಮತ್ತೆ ಸುತ್ತಿದರು. ಎರಡನೇ ಸುತ್ತಿನಲ್ಲಿ ಎಲ್ಲವೂ ಇನ್ನಷ್ಟು ದೊಡ್ಡದಾಗಿ ಕಂಡವು.

ಅದರಿಂದ ಯಾರಿಗೆ ಏನು ನಷ್ಟ? ಈವರೆಗೆ ಯಾರಿಗೂ ಇರಲಿಲ್ಲ. ಈಗ ಮೇಜಿನ ಮೇಲೆ ನೀಲಿ ಪಟ್ಟಿಯ ಚಪ್ಪಲಿ ಕೂತಿತ್ತು. ಇಂದುಮತಿಗೆ ಮೂಳೆ ಸವೆದಿದೆ ಎಂದು ಡಾಕ್ಟರು ಮಾತ್ರೆ ಕೊಟ್ಟಿರುವುದು ದೇವಕಮ್ಮನಿಗೆ ಗೊತ್ತು. ಆ ಕೈಯಲ್ಲಿ ಇನ್ನು ಹತ್ತು ದಿನಕ್ಕೆ ಹಸಿ ಕೂಸು ಇರುತ್ತದೆ.

"ಇಂದುಮತಿ, ಈ ವರ್ಷ ಆ ಸಮುದ್ರ ಕರಗಿಹೋಗಿದ್ಯಂತೆ," ಎಂದರು.

"ಅಜ್ಜಿ, ಇಟ್ಸ್ ಮೈನಸ್ ಇಲೆವೆನ್ ದೇರ್," ಎಂದಳು ಪ್ರಕೃತಿ, ಫೋನಿನಿಂದ ತಲೆ ಎತ್ತದೆ.

"ನೀನು ಸುಮ್ನಿರೇ, ಹವಾಮಾನದೋಳು." ದೇವಕಮ್ಮ ಕುರ್ಚಿ ಮುಂದಕ್ಕೆಳೆದರು. "ಅಲ್ಲ, ಚಪ್ಪಲಿ ಅಂದ್ರೆ ಎಲ್ಲಾ ಚಪ್ಪಲಿ ಆಗಲ್ಲ. ನಂದು ಹದಿನೈದು ವರ್ಷದ್ದು, ಪಳಗಿತ್ತು."

"ಇದನ್ನೂ ಪಳಗಿಸ್ತೀನಿ ಬಿಡಿ, ಗುರುವಾರದ ತನಕ ಮನೇಲಿ ಹಾಕ್ಕೊಂಡು ಓಡಾಡ್ತೀನಿ."

"ಹೋಗ್ಲಿ, ಆ ಮುಳ್ಳಿನ ಪಟ್ಟಿ ಕಟ್ಕೊಂಡೇ ಹೋಗಿ. ಅಳಿಯ ಪ್ರೀತಿಯಿಂದ ತಂದಿದಾನೆ."

"ಯಾಕೆ ದೇವಕಮ್ಮನೋರೆ?" ಇಂದುಮತಿ ನಕ್ಕರು. "ನಿಮ್ ದಾಖಲೆ ಮುರೀತೀನಿ ಅಂತ ಹೊಟ್ಟೆಕಿಚ್ಚಾ?"

ಎಲ್ಲರೂ ನಕ್ಕರು. ದೇವಕಮ್ಮನೂ ನಗಲು ನೋಡಿದರು, ಆಗಲಿಲ್ಲ. ಅತ್ತ ಕಾವಲಿಯ ಬಳಿ ನಮಿತಾ ಪನೀರು ಮಗುಚುತ್ತಿದ್ದಳು. ಅವಳ ಕಿವಿಗೆ ಬೀಳದ ಹಾಗೆ ಹೇಳೋಣವೆಂದರೆ ಅವಳು ಮೂರು ಮಾರು ದೂರದಲ್ಲಿದ್ದಾಳೆ. ನಾಳೆ ಹೇಳೋಣವೆಂದರೆ, ನಾಳೆಯ ಹೊತ್ತಿಗೆ ತನ್ನ ನಾಲಿಗೆ ಇನ್ನೊಂದು ಕಥೆ ನೇಯ್ದು ಕೂತಿರುತ್ತದೆ. ಆ ನಾಲಿಗೆಯನ್ನು ಅವರು ಎಪ್ಪತ್ನಾಲ್ಕು ವರ್ಷದಿಂದ ಬಲ್ಲರು.

ಎದ್ದು ನಿಂತರು. ಎಡಗಾಲನ್ನು ಬೆಂಚಿನ ಮೇಲಿಟ್ಟು ಸೀರೆಯ ಅಂಚನ್ನು ಗೇಣುದ್ದ ಮೇಲೆತ್ತಿ, ಕಾಲ್ಚೀಲ ಕೆಳಗೆ ಜಾರಿಸಿದರು. ಪಾದದ ಗಂಟಿನ ಪಕ್ಕ ಎರೆಹುಳದಂಥ ಕೆಂಪು ಗೆರೆ.

"ಇದೇ ನೋಡಿ ಅರಮನೆ. ಎರಡ್ನೇ ದಿನ. ಕಸ ಹಾಕೋಕ್ಹೋಗಿ ಬಿದ್ದೆ."



"ಅಮ್ಮಾ!" ನಮಿತಾ ಇಕ್ಕಳ ಹಿಡಿದೇ ಬಂದಳು. "ವಾಪಸ್ ಬಂದಾಗ ವಿಮಾನದಲ್ಲಿ ಕೂತು ಕಾಲು ಹಿಡ್ಕೊಂಡಿದೆ ಅಂದ್ಯಲ್ಲ! ವರ್ಷವಿಡೀ ಕಾಲ್ಚೀಲ ಹಾಕ್ಕೊಂಡಿದ್ದು ಇದಕ್ಕಾ?"

"ನಲವತ್ತು ಸಲ ಹೇಳಿದ್ಯಲ್ಲೇ. ಮೂವತ್ತೊಂಬತ್ತು ಸಲ ಹೇಳಿದ್ರೆ ಒಪ್ಕೊತಿದ್ದೆ. ನಲವತ್ತಾದ್ಮೇಲೆ ಹೆಂಗೆ ಮುಖ ತೋರ್ಸೋದು?"

"ಹಾಗಾದ್ರೆ ಹಡಗು?" ಎಂದು ರಮಾಕಾಂತ್ ಮೆಲ್ಲಗೆ ಕೇಳಿದರು.

"ಪುಸ್ತಕದಲ್ಲಿ."

"ಆ ಓಣಿ? ನನ್ ಬೆಣ್ಣೆ?"

"ಏಳ್ನೇ ಪುಟ."

ರಮಾಕಾಂತ್ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಆದರೆ ಇಂದುಮತಿ ನಗಲಿಲ್ಲ. ನೋಟ್‌ಬುಕ್ಕಿನ ಹನ್ನೊಂದು ಪುಟವನ್ನು ಒಂದೊಂದಾಗಿ ತಿರುವಿದರು. ಮಕ್ಕಳ ಉತ್ತರಪತ್ರಿಕೆಯಲ್ಲಿ ಇಡೀ ಲೆಕ್ಕ ತಪ್ಪಾದಾಗ ನೋಡುತ್ತಿದ್ದ ಹಾಗೆ ದೇವಕಮ್ಮನನ್ನು ನೋಡಿದರು.

"ನಾಲ್ಕು ದಿನ ದೇವಕಮ್ಮನೋರೆ. ನಂಗೆ ಸಿಗೋದೇ ನಾಲ್ಕು ದಿನ. ನಿಮ್ಮನ್ನ ನಂಬಿ ಮಗಳ ಹತ್ರಾನೂ ಏನೂ ಕೇಳ್ಲಿಲ್ಲ. ಇದ್ರಲ್ಲಿ ಒಂದಾದ್ರೂ ನೀವು ಕಣ್ಣಾರೆ ನೋಡಿದ್ದು, ಬಾಯಾರೆ ತಿಂದಿದ್ದು ಇದ್ಯಾ?"

ದೇವಕಮ್ಮ ಕಾಲ್ಚೀಲ ಮೇಲೆಳೆದುಕೊಂಡು ಕೂತರು.

"ಬನ್ನು," ಎಂದರು. "ಬನ್ನು ತಿಂದಿದೀನಿ. ಎದುರು ಮನೆ ಗುನ್ನೆಲ್ ತರ್ತಿದ್ಲು. ನನ್ ವಯಸ್ಸೇ, ಒಂಟಿ ಹೆಂಗಸು. ನಾನು ಬಿದ್ದಾಗ ಕೂಗು ಕೇಳಿ ಮೊದ್ಲು ಓಡ್ಬಂದೋಳೂ ಅವಳೇ. ಆಮೇಲೆ ದಿನಾ ಮೂರು ಗಂಟೆಗೆ ಬಾಗ್ಲು ತಟ್ಟೋಳು. ಅವಳದು ಬನ್ನು, ನಂದು ಫಿಲ್ಟರ್ ಕಾಫಿ. ಅವಳ ಭಾಷೆ ನಂಗೆ ಬರಲ್ಲ, ನಂದು ಅವಳಿಗೆ ಬರಲ್ಲ. ಅವಳ ಪಾಡಿಗೆ ಅವಳು ಹೇಳೋಳು, ನನ್ ಪಾಡಿಗೆ ನಾನು. ಬಾಯಲ್ಲಿ ಆಗ್ದಿದ್ದನ್ನ ಪೆನ್ಸಿಲ್ ತಗೊಂಡು ಚಿತ್ರ ಬರ್ದು ತೋರ್ಸೋದು. ಕತ್ಲೆ ಆಗೋ ತನಕ ಕೂತ್ಕೋತಿದ್ವಿ. ಮೂರೂವರೆಗೇ ಕತ್ಲೆ ಆಗತ್ತೆ ಅನ್ನಿ, ಆದ್ರೂ ಏಳ್ತಿರ್ಲಿಲ್ಲ."

"ಇದನ್ಯಾಕೆ ಒಂದ್ಸಲಾನೂ ಹೇಳ್ಲಿಲ್ಲ ನೀವು?"

"ಅದ್ರಲ್ಲಿ ಉಬ್ಸೋಕೆ ಏನೂ ಇರ್ಲಿಲ್ಲ ಕಣ್ರೀ."

ಇಂದುಮತಿ ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ಹೊಸ ಪುಟ ತೆರೆದು, ಸ್ಕೇಲಿಲ್ಲದೆ ಒಂದು ಗೆರೆ ಎಳೆದರು. "ಆ ಗುನ್ನೆಲ್ ಮನೆ ಎಷ್ಟನೇ ಮಹಡಿ?"

"ಮೂರು. ಈ ಸಲ ನಿಜವಾಗ್ಲೂ ಮೂರು."

ಬುಧವಾರ ದೇವಕಮ್ಮ ಅರ್ಧ ಕಿಲೋ ಕಾಫಿಪುಡಿಯನ್ನು ಮೂರು ಕವರು ಹಾಕಿ ಕಟ್ಟಿ ಇಂದುಮತಿಯ ಮನೆಗೆ ಹೋದರು. ಸೂಟ್‌ಕೇಸಿನಲ್ಲಿ ಚಪ್ಪಲಿ ಇದೆಯೋ ಎಂದು ಬಟ್ಟೆ ಎತ್ತಿ ಎತ್ತಿ ನೋಡಿದರು. ಇರಲಿಲ್ಲ. ರಮಾಕಾಂತ್ ಅದನ್ನು ಮೆಟ್ಟಿಕೊಂಡು ಹಿತ್ತಲಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದರು.

ಮುಂದಿನ ಮಂಗಳವಾರ ಮಧ್ಯಾಹ್ನ ಪ್ರಕೃತಿ ಸ್ಕೂಲ್ ರಜೆಯ ಸೋಮಾರಿತನದಲ್ಲಿ ಸೋಫಾದ ಮೇಲೆ ಬಿದ್ದಿದ್ದಾಗ ಅಜ್ಜಿಯ ಫೋನು ಗುಂಯ್ಗುಟ್ಟಿತು. ಇಂದುಮತಿ ಒಂದು ಫೋಟೋ ಕಳಿಸಿದ್ದರು. ಅಡುಗೆಮನೆಯ ಮೇಜು, ಎರಡು ಲೋಟ, ಅಂಗೈಯಗಲದ ಎರಡು ಬನ್ನು. ಒಂದು ಪಕ್ಕ ಇಂದುಮತಿ. ಇನ್ನೊಂದು ಪಕ್ಕ ಬಿಳಿ ಕೂದಲಿನ, ಕೆನ್ನೆ ಕೆಂಪಗಿನ ಗುನ್ನೆಲ್. ಬಾಗಿಲ ಬಳಿಯ ಚಾಪೆಯ ಮೇಲೆ ಎರಡು ಜೊತೆ ಬೂಟು, ಎರಡಕ್ಕೂ ಮುಳ್ಳಿನ ಪಟ್ಟಿ.

"ಅಜ್ಜಿ, ವಾಟ್ಸ್ ದಟ್ ಆನ್ ದ ಫ್ರಿಜ್?" ಎಂದು ಪ್ರಕೃತಿ ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿದಳು.

ಗುನ್ನೆಲ್‌ಳ ಹಿಂದಿನ ಫ್ರಿಜ್ಜಿಗೆ ಒಂದು ಹಾಳೆ ಅಂಟಿಸಿತ್ತು. ಪೆನ್ಸಿಲಿನ ಚಿತ್ರ. ಒಂದು ಮನೆ, ಬಾಗಿಲಲ್ಲಿ ಸೀರೆಯುಟ್ಟ ಹೆಂಗಸು. ಅವಳ ಮುಂದೆ ಮನೆಯ ಮಾಡಿಗಿಂತ ಎತ್ತರದ ಕಾಂಗರೂ ಒಂದು ಬಗ್ಗಿ ಕಾಲಿಂಗ್ ಬೆಲ್ ಒತ್ತುತ್ತಿತ್ತು. ಅದರ ಹೊಟ್ಟೆಯ ಚೀಲದಲ್ಲಿ ಹಾಲಿನ ಬಾಟಲಿ.

"ಅಜ್ಜಿ!"

ದೇವಕಮ್ಮ ಕೇಳಿಸದವರಂತೆ ಕನ್ನಡಕ ಒರೆಸಿಕೊಂಡರು. ಅಷ್ಟರಲ್ಲಿ ಇಂದುಮತಿಯ ವಾಯ್ಸ್ ಮೆಸೇಜು ಬಂತು. ಲೆಕ್ಕದ ಟೀಚರಮ್ಮನ ಅದೇ ಖಚಿತ ದನಿ.

"ದೇವಕಮ್ಮನೋರೆ, ಕಾಫಿ ಕುಡಿದ್ವಿ. ಅಪರ್ಣಾ ಜೊತೇಲಿದ್ಲು, ಅವಳೇ ಭಾಷೆ ಹೇಳಿದ್ಲು. ನಿಮ್ ಗುನ್ನೆಲ್ ಒಂದೇ ಪ್ರಶ್ನೆ ಮೂರ್ಸಲ ಕೇಳಿದ್ರು. ಆ ಕಾಂಗರೂ ಈಗ್ಲೂ ದಿನಾ ಬೆಳಿಗ್ಗೆ ನಿಮ್ಮನೆಗೆ ಹಾಲು ತರತ್ತಾ ಅಂತ. ಅಪರ್ಣಾ ಏನೋ ಹೇಳೋಕೆ ಬಾಯಿ ತೆಗೆದ್ಲು. ನಾನೇ ತಡೆದೆ." ಸ್ವಲ್ಪ ಬಿಟ್ಟು ಕೆಮ್ಮಿದ ಸದ್ದು. "ತರತ್ತೆ ಅಂದೆ. ಈಗ ಮರಿಗೂ ಕಲ್ಸಿದೆ, ಅದು ಮೊಸರು ತರತ್ತೆ ಅಂದೆ."

ದೇವಕಮ್ಮ ಅದನ್ನು ಇನ್ನೊಂದು ಸಲ ಹಾಕಿಸಿಕೊಂಡು ಕೇಳಿದರು. ಮತ್ತೊಂದು ಸಲ ಕೇಳಿದರು. ಆಮೇಲೆ ಎದ್ದು ಹೋಗಿ ಮುಂಬಾಗಿಲು ತೆರೆದರು. ಬೀದಿಯ ತುಂಬ ಬಿಸಿಲು. ಎದುರು ಮನೆಯ ಹುಲ್ಲಿನ ಮೇಲೆ ಸ್ಪ್ರಿಂಕ್ಲರ್ ಒಂದೇ ಸಮನೆ ತಿರುಗುತ್ತಿತ್ತು. ಕೈಯನ್ನು ಹಣೆಗೆ ಅಡ್ಡ ಹಿಡಿದು ಅವರು ಬೀದಿಯ ಆ ತುದಿಯ ತನಕ ಒಮ್ಮೆ ನೋಡಿದರು.