ಎರಡೂ ದವಡೆಯಲ್ಲಿ

ಕುತುಬುದ್ದೀನ ದನದ ದಲ್ಲಾಳಿ. ತಾಳಿಕೋಟೆಯ ಸಂತೆಯಲ್ಲಿ ಎತ್ತಿನ ಕೆಳತುಟಿ ಎಳೆದು, ಎರಡು ಹಲ್ಲೋ ನಾಲ್ಕು ಹಲ್ಲೋ ನೋಡಿ ಅದರ ವಯಸ್ಸು ಹೇಳುವವನು. ಕಾಯಿಲೆ ಬಿದ್ದು ಎದ್ದ ಎತ್ತು ತಂದರೆ ಅದರ ಮುಂದೆ ಒಂದು ಹಿಡಿ ಕಣಿಕಿ ಮೇವು ಹಾಕಿ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದ. ಅದು ಎರಡೂ ದವಡೆಯಲ್ಲಿ ಅಗಿದು ನುಂಗಿ ಮತ್ತೆ ಮೂತಿ ಚಾಚಿತೆಂದರೆ, "ಆರಾಮ ಆತು, ಹೊಡಕೊಂಡು ಹೋಗ್ರಿ" ಎಂದು ಧೋತರದ ಧೂಳು ಕೊಡವಿ ಏಳುತ್ತಿದ್ದ. ಆ ಮಾತನ್ನು ನಂಬಿ ಸುತ್ತಲಿನ ಹಳ್ಳಿಯವರು ಎತ್ತು ಕೊಳ್ಳುತ್ತಿದ್ದರು.

ಎಪ್ಪತ್ನಾಲ್ಕನೇ ಇಸವಿಯ ಮಾಗಿಯಲ್ಲಿ ಅವನ ಹೆಂಡತಿ ಮಾಬುಬಿಗೆ ತಣ್ಣೀರು ಬಾಯಿಗಿಟ್ಟರೆ ಹಲ್ಲು ಜುಮ್ಮೆಂದು ನೋವು ಕಿವಿಯವರೆಗೆ ಏರತೊಡಗಿತು. ಮಣ್ಣಿನ ಹರವಿಯ ನೀರು ಬಿಟ್ಟು ಉಗುರುಬೆಚ್ಚಗೆ ಮಾಡಿಕೊಂಡು ಕುಡಿದಳು. ಆಮೇಲೆ ತಲೆ ಓರೆ ಮಾಡಿ ಎಡಗಡೆಯಿಂದಷ್ಟೇ ಕುಡಿದಳು. ಕಡೆಕಡೆಗೆ ಬಿಸಿ ಚಹವೂ ಸೇರದಾಯಿತು. ಹಂಚಿನ ಮೇಲೆ ಸುಟ್ಟು ಪುಡಿ ಮಾಡಿದ ತಂಬಾಕು, ಮಿಶ್ರಿ, ದಿನವೂ ಹಲ್ಲಿಗೆ ತಿಕ್ಕುವ ರೂಢಿ ಅವಳಿಗೆ. ನೋವಿಗೆಂದು ಅದನ್ನೇ ಇನ್ನಷ್ಟು ಒತ್ತಿ ತಿಕ್ಕಿದಳು. ತಿಕ್ಕಿದಾಗ ಮರಗಟ್ಟಿದ ಹಲ್ಲು ಸ್ವಲ್ಪ ಹೊತ್ತಿಗೆ ಮೊದಲಿಗಿಂತ ಹೆಚ್ಚು ಹಿಂಡುತ್ತಿತ್ತು.

"ಕುತುಬಣ್ಣ, ಊರ ಎತ್ತಿನ ಬಾಯೆಲ್ಲಾ ತಗದು ನೋಡ್ತಿ. ಮನ್ಯಾಗಿನ ಬಾಯಿ ಒಂದಿನರ ನೋಡಿಯೇನ?" ಎಂದಳು ನೆರೆಮನೆಯ ಶಂಕ್ರೆವ್ವ.

"ಅಕಿ ಬಾಯಿ ತಗದ್ಲಂದ್ರ ನಾನ ಮನಿ ಬಿಟ್ಟು ಓಡ್ತೇನಿ, ತಂಗಿ."

ಮಾಬುಬಿ ನಗಲಿಲ್ಲ. "ಕೀಳಸಾಕ ನಾ ಒಲ್ಲೆ," ಎಂದಳು. ಅವಳ ತಾಯಿ ಲಾಲಬಿ ಹಲ್ಲು ನೋವಾದಾಗಲೆಲ್ಲ ಸಂತೆಯಲ್ಲಿ ಗೋಣಿಚೀಲ ಹಾಸಿ ಕೂರುವವನ ಇಕ್ಕಳಕ್ಕೆ ಬಾಯಿ ಕೊಟ್ಟು, ನಲವತ್ತಕ್ಕೇ ಬೊಚ್ಚಾಗಿದ್ದಳು. ಆಮೇಲೆ ಬದುಕಿದಷ್ಟು ದಿನ ನೆನೆಸಿದ ರೊಟ್ಟಿ ತಿಂದಳು, ಬಾಯಿಗೆ ಸೆರಗು ಅಡ್ಡ ಹಿಡಿದೇ ಮಾತಾಡಿದಳು. ಆ ಬಾಯಿ ತನಗೂ ಬಂದೀತೆಂಬುದೇ ಮಾಬುಬಿಯ ಹೆದರಿಕೆ.

"ಕೀಳಸೂದಿಲ್ಲ. ನಾ ಅದೇನಿ," ಎಂದು ಮಾತು ಕೊಟ್ಟು ಕುತುಬುದ್ದೀನ ಅವಳನ್ನು ಬಸ್ಸಿನಲ್ಲಿ ಬಿಜಾಪುರಕ್ಕೆ ಕರೆದೊಯ್ದ.

ಹಲ್ಲಿನ ಡಾಕ್ಟರು ಪುಟ್ಟ ಕನ್ನಡಿಯಿಟ್ಟು ಬಾಯೊಳಗೆ ಬಹಳ ಹೊತ್ತು ನೋಡಿದರು.

"ಏನ ಹಚ್ಚಿ ತಿಕ್ಕತೀರಿ, ತಾಯಿ?"

"ಮಿಶ್ರಿರಿ."

"ಅದು ಒರಟು. ಹಲ್ಲಿನ ಮ್ಯಾಲಿನ ಗಟ್ಟಿ ಪದರ ಸವದೈತಿ, ವಸಡು ಕೆಳಗ ಸರದಾವು. ಅದಕ್ಕ ತಂಡಿ ಸೀದಾ ಒಳಗ ಮುಟ್ಟತೈತಿ. ಮಿಶ್ರಿ ಬಿಟ್ರ ಉಳದ ಹಲ್ಲು ಉಳೀತಾವು. ಈ ಬಲದವಡಿ ಹಲ್ಲಿನ ಹುಳುಕು ಮಾತ್ರ ನರದ ತನಕ ಹೋಗೇತಿ."

"ಕೀಳತೀರೇನ್ರಿ?"

"ಕೀಳೂದಿಲ್ಲ. ಒಳಗಿನ ನರ ತಗದು, ಬೇರು ಸ್ವಚ್ಛ ಮಾಡಿ ತುಂಬಿದರ ಹಲ್ಲು ಹಂಗ ನಿಲ್ಲತೈತಿ. ರೂಟ್ ಕೆನಾಲ್ ಅಂತಾರ. ಒಂದ ಸಲಕ್ಕ ಆಗೂದಲ್ಲ."

ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದ ಮಾಬುಬಿಯ ಬೆರಳು ಸಡಿಲವಾದವು. ಡಾಕ್ಟರು ಹಲ್ಲು ಕೊರೆದು, ಒಳಗೆ ಔಷಧವಿಟ್ಟು, ಮೇಲೆ ಬಿಳಿ ಮುದ್ದೆ ಮೆತ್ತಿದರು. ಕುತುಬುದ್ದೀನನ ಕಡೆ ತಿರುಗಿ, "ನರ ಸಾಯಾಕ ಔಷಧ ಇಟ್ಟೇನಿ. ನೋವು ನಿಲ್ಲತೈತಿ, ಆದ್ರ ಕೆಲಸ ಮುಗದಿಲ್ಲ. ಮುಂದಿನ ಸೋಮವಾರ ಕರಕೊಂಡು ಬರಾಕ ಬೇಕು," ಎಂದರು.

"ಹೌದ್ರಿ ಸಾಹೇಬ್ರ."

ನೋವು ನಿಂತಿತು. ರವಿವಾರ ಸಂಜೆ ಮಾಬುಬಿ ಗಟ್ಟಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ ಹಾಕಿಕೊಂಡು ಕೂತಳು. ಕುತುಬುದ್ದೀನ ಎದುರಿಗೆ ಕುಕ್ಕರಗಾಲಲ್ಲಿ ಕೂತು ನೋಡಿದ. ಅವಳು ಎಡಕ್ಕೆ ಅಗಿದಳು, ಬಲಕ್ಕೂ ಅಗಿದಳು, ನುಂಗಿದಳು, ಇನ್ನೊಂದು ರೊಟ್ಟಿಗೆ ಕೈ ಚಾಚಿದಳು. ಅವನು ಧೋತರ ಕೊಡವಿ ಎದ್ದ.

"ಆರಾಮ ಆತು. ನಾಳೆ ಬಾಗೇವಾಡಿ ಕಡೆ ರೇವಣಪ್ಪನ ಜೋಡೆತ್ತು ನೋಡಾಕ ಹೋಗಬೇಕು."

"ಡಾಕ್ಟರು ಸೋಮವಾರ ಅಂದಾರಲ್ರಿ."

"ಡಾಕ್ಟರು ಬಾಯಿ ನೋಡ್ಯಾರ, ನಾ ತಿನ್ನೂದು ನೋಡೇನಿ. ನೋವಿಲ್ಲದ ಹಲ್ಲಿಗೆ ಬಸ್ ಹತ್ತೂದ್ಯಾಕ?"

ತಾಳಿಕೋಟೆ ದಾಟಿ ಒಬ್ಬಳೇ ಹೋದವಳಲ್ಲ ಮಾಬುಬಿ. ಮುಂದಿನ ಸೋಮವಾರ ಇನ್ನೊಂದು ವ್ಯಾಪಾರ ಬಂತು, ಅದರ ಬೆನ್ನಿಗೆ ಬಿಳಿಜೋಳದ ಸುಗ್ಗಿ. ಒಂದು ದಿನ ಬಿಳಿ ಮುದ್ದೆ ರೊಟ್ಟಿಯ ಜೊತೆ ಉದುರಿ ಬಾಯಿಗೆ ಬಂತು. ಅಂಗೈಯಲ್ಲಿಟ್ಟುಕೊಂಡು ಗಂಡನಿಗೆ ತೋರಿಸಿದಳು.

"ನೋವೈತೇನು?"

"ಇಲ್ರಿ."

"ಮತ್ತ?"

ಅವಳು ತೂತಿಗೆ ಅರಳೆ ತುರುಕಿಕೊಂಡಳು. ಮಿಶ್ರಿಯನ್ನೂ ಬಿಟ್ಟಿರಲಿಲ್ಲ.

ಬಿಸಿಲು ಏರಿದ ದಿನಗಳಲ್ಲಿ ಒಂದು ಬೆಳಿಗ್ಗೆ ಅವಳ ಬಲಗೆನ್ನೆ ಬಾತು ಕಣ್ಣು ಅರ್ಧ ಮುಚ್ಚಿತ್ತು. ಬಾಯಿ ಬೆರಳು ಹೋಗುವಷ್ಟೂ ತೆರೆಯಲಿಲ್ಲ. ಮೈ ಸುಡುತ್ತಿತ್ತು. ಕುತುಬುದ್ದೀನ ಅಂಬಲಿ ಹಿಡಿದು ತುಟಿಗಿಟ್ಟ, ಅದು ಗದ್ದದ ಗುಂಟ ಸೋರಿತು. ಅವನು ಬಟ್ಟಲನ್ನು ಅಲ್ಲೇ ಇಟ್ಟು ಅವಳನ್ನು ಬಿಜಾಪುರದ ಬಸ್ಸಿಗೆ ಹೊರಡಿಸಿದ.

"ಎಲುಬಿಗೆ ಕೀವು ಇಳದೈತಿ," ಎಂದರು ಡಾಕ್ಟರು. "ಇನ್ನ ಈ ಹಲ್ಲು ಉಳಿಯೂದಿಲ್ಲ. ಯಾಕ ಬರಲಿಲ್ಲ?"

ಮಾಬುಬಿ ಗಂಡನ ಮುಖ ನೋಡಿದಳು.

"ತಿನ್ನಾಕತ್ತಿದ್ಲರಿ, ಸಾಹೇಬ್ರ," ಎಂದ ಅವನು.

ಡಾಕ್ಟರು ಕೈ ತೊಳೆದುಕೊಂಡರು. ದೊಡ್ಡ ದವಾಖಾನೆಯಲ್ಲಿ ಬಾವು ಇಳಿಯುವವರೆಗೆ ಅವಳಿಗೆ ಸೂಜಿ ಚುಚ್ಚಿದರು. ಆಮೇಲೆ ಹಲ್ಲು ಕಿತ್ತರು.

ಮರಳುವಾಗ ಬಸ್ಸಿನಲ್ಲಿ ಅವಳು ಅರಳೆ ಕಚ್ಚಿಕೊಂಡು ಕಿಟಕಿಯ ಕಡೆ ಮುಖ ಮಾಡಿ ಕೂತಳು. "ಒಂದ ಹಲ್ಲು," ಎಂದ ಕುತುಬುದ್ದೀನ. ಸ್ವಲ್ಪ ದೂರ ಹೋದ ಮೇಲೆ, "ಉಳದವು ಗಟ್ಟಿ ಅದಾವಂತ," ಎಂದ. ಅವಳು ಮಾತಾಡದಿದ್ದುದು ಅರಳೆಯಿಂದಲೋ ಸಿಟ್ಟಿನಿಂದಲೋ ಅವನಿಗೆ ತಿಳಿಯಲಿಲ್ಲ. ಅರಳೆ ತೆಗೆಯುವ ಹೊತ್ತಿಗಾಗಿ ಕಾದ.

ಮನೆಗೆ ಬಂದು ಅವಳು ಬಚ್ಚಲ ಕಲ್ಲಿನ ಮೇಲೆ ಅರಳೆ ಉಗುಳಿದಳು, ಮಿಶ್ರಿಯ ಡಬ್ಬಿಯನ್ನು ಬೂದಿಯ ಗುಂಡಿಗೆ ಸುರುವಿದಳು. ಅಷ್ಟರಲ್ಲಿ ಅವನು ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ ತಂದು ಮುಂದಿಟ್ಟಿದ್ದ. ಅವಳು ಆ ಬಟ್ಟಲನ್ನೇ ನೋಡುತ್ತ ಕೂತಳು.

"ಇದರ ಮಗ್ಗಲ ಹಲ್ಲೂ ಜುಮ್ ಅನ್ನಾಕತ್ತೇತಿ," ಎಂದಳು. "ಸೋಮವಾರ ಹೋಗ್ತೇನಿ."

"ಕರಕೊಂಡು ಹೋಗ್ತೇನಿ."

"ಬ್ಯಾಡ್ರಿ. ಬಸ್ ಎಲ್ಲಿ ನಿಲ್ಲತೈತಿ ನೋಡೇನಿ. ನಾನ ಹೋಗ್ತೇನಿ."

ಒಂದು ತುತ್ತು ತೆಗೆದು ಎಡದವಡೆಗಿಟ್ಟುಕೊಂಡು ನಿಧಾನ ಅಗಿಯತೊಡಗಿದಳು. ಕುತುಬುದ್ದೀನ ಎದುರಿಗೆ ಕುಕ್ಕರಗಾಲಲ್ಲಿ ಕೂತಿದ್ದ. ಅವಳು ನುಂಗಿದಳು, ಮತ್ತೆ ಬಟ್ಟಲಿಗೆ ಕೈ ಹಾಕಿದಳು. ಅವನು ಧೋತರ ಕೊಡವಿ ಏಳಲಿಲ್ಲ.